ಹಿಮ ಬೀಳದಿದ್ದರೂ ಬಾಳೆಗೆ ಚಳಿ ಬಡಿಯುತ್ತದೆ

ಮಾನ್ಯ ಸಂಪಾದಕರೇ,

ಮಾಗಿ ಬಂತೆಂದರೆ ಬೀದರ್, ವಿಜಯಪುರ, ಕಲಬುರಗಿಯ ಕನಿಷ್ಠ ಉಷ್ಣಾಂಶ ಪತ್ರಿಕೆಗಳ ಮುಖಪುಟಕ್ಕೆ ಬರುತ್ತದೆ. ಜೊತೆಗೆ ಬೆಂಕಿ ಕಾಯಿಸಿಕೊಳ್ಳುವವರ ಚಿತ್ರ, ಸ್ವೆಟರ್ ಅಂಗಡಿಯ ಚಿತ್ರ, ವಯಸ್ಸಾದವರು ನಸುಕಿನಲ್ಲಿ ಹೊರಗೆ ಹೋಗಬಾರದೆಂಬ ಸಲಹೆ. ಬೆಳೆಯ ವಿಷಯ ಬಂದಾಗ ಮಾತ್ರ ಎಲ್ಲರದೂ ಒಂದೇ ಮಾತು: ನಮ್ಮಲ್ಲಿ ಹಿಮ ಬೀಳುವುದಿಲ್ಲ, ಹಿಂಗಾರಿಗೆ ಈ ಥಂಡಿ ಒಳ್ಳೆಯದೇ. ಕಡಲೆ, ಗೋಧಿ, ಕುಸುಬೆಯ ಮಟ್ಟಿಗೆ ಇದು ಸರಿ. ಬಾಳೆ, ಪಪ್ಪಾಯಿ, ಎಲೆಬಳ್ಳಿ, ಬತ್ತದ ಸಸಿಮಡಿಗಳ ಮಟ್ಟಿಗೆ ತಪ್ಪು. ಈ ತಪ್ಪಿನಿಂದಾಗಿ ಪ್ರತಿವರ್ಷ ಜನವರಿಯಲ್ಲಿ ರೈತರು ಇಲ್ಲದ ರೋಗಕ್ಕೆ ಔಷಧಿ ಹೊಡೆಯುತ್ತಾರೆ, ಬೇಡದ ನೀರು ಕೊಡುತ್ತಾರೆ. ಅದಕ್ಕಾಗಿ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಮನ್ನಿಸಬೇಕು.

ಚಳಿಯಿಂದ ಗಿಡಕ್ಕೆ ಆಗುವ ಹಾನಿ ಎರಡು ಬಗೆಯದು. ಒಂದು, ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದು ಜೀವಕೋಶಗಳ ನಡುವಿನ ನೀರು ಮಂಜುಗಡ್ಡೆಯಾಗುವುದು. ಆ ಮಂಜುಗಡ್ಡೆ ಕೋಶದೊಳಗಿನ ನೀರನ್ನೂ ಎಳೆದುಕೊಳ್ಳುತ್ತದೆ. ಬಿಸಿಲೇರುವ ಹೊತ್ತಿಗೆ ಎಲೆ ಬೇಯಿಸಿದ ಸೊಪ್ಪಿನ ಹಾಗೆ ಮೆತ್ತಗಾಗಿ ಕಪ್ಪಾಗುತ್ತದೆ. ಊಟಿ, ಮುನ್ನಾರ್ ಕಡೆಯ ಚಹಾ ತೋಟಗಳಲ್ಲಿ ಜನವರಿಯಲ್ಲಿ ಕಾಣುವುದು ಇದು. 1975ರ ಜುಲೈನಲ್ಲಿ ಬ್ರೆಜಿಲ್‌ನ ಪರಾನಾ ಪ್ರಾಂತ್ಯದ ಕಾಫಿಯನ್ನು ನೆಲಸಮ ಮಾಡಿ ಜಗತ್ತಿನ ಕಾಫಿ ದರವನ್ನೇ ಏರಿಸಿದ್ದೂ ಇದೇ. ನಮ್ಮ ಬಯಲುಸೀಮೆಗೆ ಇದು ಬರುವುದು ತೀರಾ ಅಪರೂಪ.

ಎರಡನೆಯದರಲ್ಲಿ ಮಂಜುಗಡ್ಡೆಯ ಮಾತೇ ಇಲ್ಲ. ಉಷ್ಣವಲಯದಲ್ಲಿ ಹುಟ್ಟಿ ಬೆಳೆದ ಗಿಡಗಳಿಗೆ 12–13 ಡಿಗ್ರಿ ಸೆಲ್ಸಿಯಸ್‌ನಿಂದಲೇ ಪೆಟ್ಟು ಶುರುವಾಗುತ್ತದೆ. ಅಂದರೆ ಪತ್ರಿಕೆಯಲ್ಲಿ ‘ಕನಿಷ್ಠ 9 ಡಿಗ್ರಿ’ ಎಂದು ಅಚ್ಚಾದ ದಿನ ಬಾಳೆಯ ಪಾಲಿಗೆ ಅಪಾಯದ ಗೆರೆ ದಾಟಿ ಆಗಿರುತ್ತದೆ. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಹಿಮದ ಲೆಕ್ಕದಲ್ಲಿ ನೋಡಿದರೆ ಬೆಂಗಳೂರು ಎಂದೂ ಅಪಾಯಕ್ಕೆ ಸಿಕ್ಕಿಲ್ಲ. ಬಾಳೆಯ ಲೆಕ್ಕದಲ್ಲಿ ನೋಡಿದರೆ ಬಹುತೇಕ ಪ್ರತಿ ಚಳಿಗಾಲವೂ ಗೆರೆಯ ಅಂಚಿಗೆ ಬಂದು ಹೋಗುತ್ತದೆ.

ಮಂಜುಗಡ್ಡೆಯಾಗದೆ ಗಿಡ ಕೆಡುವುದಾದರೂ ಹೇಗೆ? ಪ್ರತಿ ಜೀವಕೋಶದ ಸುತ್ತ, ಅದರೊಳಗಿನ ಅಂಗಗಳ ಸುತ್ತ ಕೊಬ್ಬಿನಿಂದಾದ ತೆಳು ಪೊರೆಯಿದೆ. ಅಡುಗೆಮನೆಯಲ್ಲಿ ಮಾಗಿಯ ಬೆಳಗ್ಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗಿ, ಪಕ್ಕದ ಸೂರ್ಯಕಾಂತಿ ಎಣ್ಣೆ ಹಾಗೇ ಹರಿಯುತ್ತಿರುತ್ತದಲ್ಲ, ಪೊರೆಗಳ ಕತೆಯೂ ಅಷ್ಟೇ. ಗೋಧಿ, ಎಲೆಕೋಸಿನಂಥ ಚಳಿಸೀಮೆಯ ಗಿಡಗಳ ಪೊರೆಯ ಕೊಬ್ಬು ತಂಪಿನಲ್ಲೂ ಹರಿಯುವ ಜಾತಿಯದು. ಬಾಳೆಯ ಪೊರೆ ಬೇಗ ಬಿಗಿಯುತ್ತದೆ. ಬಿಗಿದ ಪೊರೆ ಸೋರುತ್ತದೆ. ಪೊಟ್ಯಾಸಿಯಂ ಮೊದಲಾದ ಲವಣಗಳು ಕೋಶದಿಂದ ಹೊರಕ್ಕೆ ಬರುತ್ತವೆ, ಪೊರೆಗೆ ಅಂಟಿಕೊಂಡು ಕೆಲಸ ಮಾಡುವ ಕಿಣ್ವಗಳು ತಾಳ ತಪ್ಪುತ್ತವೆ, ಉಸಿರಾಟ ಅರ್ಧಕ್ಕೇ ನಿಂತು ವಿಷವಸ್ತುಗಳು ಶೇಖರವಾಗುತ್ತವೆ.

ಇದರ ಮೇಲೆ ಬೆಳಗಿನ ಬಿಸಿಲು ಬೀಳುತ್ತದೆ. ಹಾನಿಯ ದೊಡ್ಡ ಪಾಲು ಆಗುವುದು ರಾತ್ರಿಯಲ್ಲ, ಬೆಳಿಗ್ಗೆ ಏಳರಿಂದ ಹತ್ತರ ನಡುವೆ. ತಣ್ಣಗಿರುವ ಎಲೆ ಬೆಳಕನ್ನು ಹೀರುತ್ತದೆ, ಆದರೆ ಅದನ್ನು ಸಕ್ಕರೆ ಮಾಡುವ ಯಂತ್ರ ಇನ್ನೂ ಎದ್ದಿರುವುದಿಲ್ಲ. ಬಳಕೆಯಾಗದ ಬೆಳಕಿನ ಶಕ್ತಿ ಹಸಿರುಕಣಗಳನ್ನೇ ಸುಡುತ್ತದೆ. ಹಾಗಾಗಿ ಮೂಡಣ ದಿಕ್ಕಿಗೆ ಮುಖ ಮಾಡಿದ ಎಲೆಗಳು ಮೊದಲು ಬಿಳಚಿಕೊಳ್ಳುತ್ತವೆ. ಅದೇ ಹೊತ್ತಿಗೆ ಬೇರು ತಣ್ಣಗಿನ ಮಣ್ಣಿನಲ್ಲಿ ನೀರೆತ್ತಲಾರದೆ ಕೂತಿರುತ್ತದೆ. ಎಲೆಯ ರಂಧ್ರಗಳು ಮಾತ್ರ ಮುಚ್ಚದೆ ನೀರು ಬಿಡುತ್ತಲೇ ಇರುತ್ತವೆ. ಒಂಬತ್ತು ಗಂಟೆಗೆ ತೋಟಕ್ಕೆ ಹೋದವರಿಗೆ ಒದ್ದೆ ಮಣ್ಣಿನಲ್ಲಿ ಬಾಡಿದ ಗಿಡ ಕಾಣುತ್ತದೆ. ನೀರು ಸಾಲದೆಂದುಕೊಂಡು ಮೋಟಾರು ಹಾಕುತ್ತಾರೆ. ಎರೆಮಣ್ಣಿನಲ್ಲಿ ನಾಲ್ಕು ದಿನ ಹೀಗೆ ಮಾಡಿದರೆ ಬೇರು ಕೊಳೆಯುವುದು ಖಂಡಿತ.

ಎಷ್ಟು ಚಳಿ ಎಂಬುದರಷ್ಟೇ ಎಷ್ಟು ಹೊತ್ತು ಎಂಬುದೂ ಮುಖ್ಯ. 11 ಡಿಗ್ರಿ ಒಂದೆರಡು ತಾಸು ಇದ್ದು, ಹಗಲು 28–30ಕ್ಕೆ ಏರಿದರೆ ಪೊರೆ ಮೊದಲಿನಂತಾಗುತ್ತದೆ, ಗುರುತೂ ಉಳಿಯುವುದಿಲ್ಲ. ಅದೇ 11 ಡಿಗ್ರಿ ರಾತ್ರಿ ಒಂದರಿಂದ ಬೆಳಿಗ್ಗೆ ಏಳರವರೆಗೆ ಇದ್ದು, ವಾರಗಟ್ಟಲೆ ಮರುಕಳಿಸಿದರೆ ಪೆಟ್ಟು ಕೂಡುತ್ತಾ ಹೋಗುತ್ತದೆ. ಚಳಿ ಮೆಲ್ಲಗೆ ಏರಿದರೆ ಗಿಡ ಕೊಂಚ ಹೊಂದಿಕೊಳ್ಳುತ್ತದೆ. ಮೋಡ ಕವಿದ ಬೆಚ್ಚನೆಯ ವಾರದ ಬೆನ್ನಿಗೆ ಒಮ್ಮೆಲೇ ಬಂದು ಎರಗುವ ಥಂಡಿ ಎಲ್ಲಕ್ಕಿಂತ ಕೆಟ್ಟದ್ದು. ಲಕ್ಷಣಗಳು ಕಾಣುವುದು ಎರಡರಿಂದ ಐದು ದಿನ ಬಿಟ್ಟು, ಅದೂ ಹವೆ ಬೆಚ್ಚಗಾದ ಮೇಲೆ. ಅಷ್ಟರಲ್ಲಿ ಚಳಿಯ ಸುದ್ದಿ ಎಲ್ಲರಿಗೂ ಮರೆತಿರುತ್ತದೆ, ಗಿಡ ಕೆಟ್ಟದ್ದಕ್ಕೂ ಚಳಿಗೂ ನಂಟು ಕಾಣದೆ ಹೋಗುತ್ತದೆ.

ಬಾಳೆಯಲ್ಲಿ ನೋಡಬೇಕಾದ್ದು ಇಷ್ಟು. 16 ಡಿಗ್ರಿಗಿಂತ ಕೆಳಗೆ ಬೆಳವಣಿಗೆ ಮಂದವಾಗುತ್ತದೆ, ಹತ್ತರ ಆಸುಪಾಸಿನಲ್ಲಿ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಬೆಚ್ಚನೆಯ ಕಾಲದಲ್ಲಿ ವಾರಕ್ಕೊಂದು ಎಲೆ ಬಿಚ್ಚುತ್ತಿದ್ದ ಗಿಡದ ಸುಳಿ ಬಿಚ್ಚದೆ ಕಡ್ಡಿಯಂತೆ ನಿಲ್ಲುತ್ತದೆ. ಎಲೆತೊಟ್ಟುಗಳ ನಡುವಿನ ಅಂತರ ಕಡಿಮೆಯಾಗಿ, ಎಲೆಗಳೆಲ್ಲ ಒಂದೇ ಕಡೆಯಿಂದ ಹುಟ್ಟಿದಂತೆ ಗಿಡದ ಕುತ್ತಿಗೆ ಬಿಗಿಯುತ್ತದೆ. ಗೊನೆ ಹೊರಬರುವ ಸಮಯದಲ್ಲೇ ಹೀಗಾದರೆ ಗೊನೆ ಅರ್ಧ ಹೊರಗೆ, ಅರ್ಧ ಒಳಗೆ ಸಿಕ್ಕಿಕೊಳ್ಳುತ್ತದೆ; ಕೆಲವೊಮ್ಮೆ ದಿಂಡಿನ ಪಕ್ಕವನ್ನೇ ಸೀಳಿ ಬರುತ್ತದೆ. ಅಂಥ ಗೊನೆಯ ಚಿಪ್ಪುಗಳು ಒತ್ತಿಕೊಂಡು, ಕಾಯಿ ಸೊಟ್ಟಗಾಗಿ, ಮಾರುಕಟ್ಟೆಯಲ್ಲಿ ಯಾರೂ ಕೇಳದ ಮಾಲಾಗುತ್ತದೆ.

ಕಾಯಿ ಬಲಿತಿದ್ದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಒಂದು ಕಾಯಿ ಕಿತ್ತು, ಹರಿತವಾದ ಚಾಕುವಿನಿಂದ ಸಿಪ್ಪೆಯ ಮೇಲ್ಪದರವನ್ನು ಮಾತ್ರ ಕಾಗದದಷ್ಟು ತೆಳ್ಳಗೆ ಉದ್ದಕ್ಕೆ ಹೆರೆಯಿರಿ. ಆರೋಗ್ಯದ ಕಾಯಿಯಲ್ಲಿ ಒಳಪದರ ತಿಳಿಹಸಿರಾಗಿ, ಹಾಲು ಕೂಡಲೇ ಒಸರುತ್ತದೆ. ಚಳಿ ಬಡಿದ ಕಾಯಿಯಲ್ಲಿ ಹಾಲು ಕಡಿಮೆ, ತೆಳುವಾಗಿ ನೀರಿನಂತೆ ಇರುತ್ತದೆ; ಸಿಪ್ಪೆಯ ಕೆಳಗೆ ಉದ್ದುದ್ದಕ್ಕೆ ಕಂದು ಗೆರೆಗಳು, ಪೆನ್ಸಿಲಿನಿಂದ ಎಳೆದಂತೆ. ಈ ಕಾಯಿ ಹಣ್ಣಾದಾಗ ಹೊಳೆಯುವ ಹಳದಿ ಬರುವುದಿಲ್ಲ, ಬೂದಿ ಬೆರೆಸಿದಂಥ ಮಂಕು ಬಣ್ಣ ಬರುತ್ತದೆ. ತಿನ್ನಲು ಅಡ್ಡಿಯಿಲ್ಲ, ರುಚಿಯೂ ಅಷ್ಟೇನೂ ಕೆಡುವುದಿಲ್ಲ. ವ್ಯಾಪಾರಿ ಮಾತ್ರ ಬಣ್ಣ ನೋಡಿ ದರ ಮುರಿಯುತ್ತಾನೆ.

ರೋಗವೋ ಚಳಿಯೋ ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಸಿಗಟೋಕ ಎಂಬ ಶಿಲೀಂಧ್ರದ ಎಲೆಚುಕ್ಕೆ ರೋಗ ಕೆಲವು ಗಿಡಗಳಲ್ಲಿ ಆರಂಭವಾಗಿ ಹರಡುತ್ತದೆ, ಹಳೆ ಎಲೆಯಿಂದ ಹೊಸ ಎಲೆಗೆ ಏರುತ್ತದೆ, ಚುಕ್ಕೆಗೆ ಅಂಚು ಮತ್ತು ಹಳದಿ ವರ್ತುಲ ಇರುತ್ತವೆ. ಚಳಿಯ ಪೆಟ್ಟು ಇಡೀ ತೋಟಕ್ಕೆ ಒಂದೇ ವಾರದಲ್ಲಿ ಬರುತ್ತದೆ, ತಗ್ಗಿನಲ್ಲಿ ಹೆಚ್ಚು, ದಿಬ್ಬದಲ್ಲಿ ಕಡಿಮೆ. ಮರದ ನೆರಳಿನಲ್ಲಿ, ಮನೆಯ ಗೋಡೆಯ ಪಕ್ಕದಲ್ಲಿ ನಿಂತ ಗಿಡ ಹಸಿರಾಗೇ ಇರುತ್ತದೆ. ಈ ಭೇದ ಕಂಡರೆ ಔಷಧಿ ಅಂಗಡಿಗೆ ಹೋಗುವ ಅಗತ್ಯವಿಲ್ಲ. ಪೊಟ್ಯಾಷ್ ಕೊರತೆಯೂ ಎಲೆಯಂಚು ಸುಟ್ಟಂತೆ ತೋರಿಸುತ್ತದೆ ನಿಜ. ಆದರೆ ಅದು ವಾರಗಟ್ಟಲೆ ಮೆಲ್ಲಗೆ, ಕೆಳಗಿನ ಎಲೆಗಳಿಂದ ಬರುವಂಥದ್ದು.

ಈಗ ತಮ್ಮ ಪತ್ರಿಕೆಯಲ್ಲಿ ಬರುವ ಅಂಕಿಯ ವಿಷಯ. ಹವಾಮಾನ ಇಲಾಖೆ ಕೊಡುವ ಕನಿಷ್ಠ ಉಷ್ಣಾಂಶವನ್ನು ಅಳೆಯುವುದು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಬಿಳಿ ಬಣ್ಣದ ಜಾಲರಿ ಪೆಟ್ಟಿಗೆಯೊಳಗೆ. ಅದು ಗಾಳಿಯ ಉಷ್ಣಾಂಶ. ಎಲೆ ಹಾಗಲ್ಲ, ಬಯಲಿಗೆ ಮೈಯೊಡ್ಡಿ ತನ್ನ ಶಾಖವನ್ನು ಆಕಾಶಕ್ಕೆ ಬಿಡುತ್ತಾ ಇರುತ್ತದೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ಎಲೆಯು ಸುತ್ತಲಿನ ಗಾಳಿಗಿಂತ 2ರಿಂದ 4 ಡಿಗ್ರಿ ತಣ್ಣಗಿರುವುದು ಸಾಮಾನ್ಯ. ಪತ್ರಿಕೆಯ 12 ಎಂದರೆ ಎಲೆಯ ಮೇಲೆ 8ರಿಂದ 10. ಇಲಾಖೆಯ ‘ಶೀತಗಾಳಿ’ ಘೋಷಣೆಗೂ ಬೆಳೆಗೂ ನೇರ ಸಂಬಂಧವಿಲ್ಲ ಎಂಬುದೂ ತಿಳಿದಿರಲಿ. ಬಯಲು ಪ್ರದೇಶದಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಿದ್ದು, ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಇಳಿದಿದ್ದರೆ ಅದು ಶೀತಗಾಳಿ. ವಾಡಿಕೆ ಏನೇ ಇರಲಿ, 4 ಡಿಗ್ರಿಗೆ ಇಳಿದರೂ ಶೀತಗಾಳಿಯೇ. ಬಾಳೆಗೆ ವಾಡಿಕೆಯ ಲೆಕ್ಕ ಗೊತ್ತಿಲ್ಲ. ವಾಡಿಕೆಯಂತೆಯೇ 11 ಬಂದರೂ ಅದಕ್ಕೆ 11 ಹನ್ನೊಂದೇ.

ಆದ್ದರಿಂದ ತೋಟದಲ್ಲೇ ಒಂದು ಗರಿಷ್ಠ-ಕನಿಷ್ಠ ಥರ್ಮಾಮೀಟರ್ ಇರಬೇಕು. ಸಾಮಾನ್ಯ ಡಿಜಿಟಲ್ ಸಾಧನ ಸಾಕು. ತರುವ ದಿನವೇ ಪರೀಕ್ಷಿಸಿ: ಲೋಟದಲ್ಲಿ ಪುಡಿ ಮಾಡಿದ ಮಂಜುಗಡ್ಡೆ ತುಂಬಿ, ಅದು ಮುಳುಗುವಷ್ಟಕ್ಕೆ ಮಾತ್ರ ನೀರು ಹಾಕಿ, ಸಂವೇದಕದ ತುದಿ ಅದ್ದಿ, ಕಲಕುತ್ತಾ ಹತ್ತು ನಿಮಿಷ ಬಿಟ್ಟರೆ ಸೊನ್ನೆ ತೋರಿಸಬೇಕು. ಒಂದು ಡಿಗ್ರಿ ಹೆಚ್ಚುಕಡಿಮೆ ತೋರಿಸಿದರೆ ಅದನ್ನು ಡಬ್ಬಿಯ ಮೇಲೆ ಬರೆದಿಟ್ಟುಕೊಂಡು, ಹೆಚ್ಚಿದ್ದರೆ ಕಳೆದು, ಕಡಿಮೆಯಿದ್ದರೆ ಕೂಡಿಸಿ ಓದಿದರಾಯಿತು. ತೋಟದ ಅತಿ ತಗ್ಗಿನ ಜಾಗದಲ್ಲಿ, ನೆಲದಿಂದ ಒಂದಡಿ ಎತ್ತರಕ್ಕೆ, ಮೇಲೆ ಯಾವ ಮರೆಯೂ ಇಲ್ಲದಂತೆ ರಾತ್ರಿ ತೂಗುಹಾಕಿ. ಮನೆಯ ಜಗಲಿಯಲ್ಲಿಟ್ಟರೆ ಜಗಲಿಯ ಉಷ್ಣಾಂಶ ತಿಳಿಯುತ್ತದೆ, ಅಷ್ಟೇ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹವಾಮಾನ ಘಟಕಗಳು ಹೋಬಳಿ ಮಟ್ಟದಲ್ಲಿವೆ. ಆ ಅಂಕಿಗೂ ನಿಮ್ಮ ತಗ್ಗಿನ ಅಂಕಿಗೂ ಎಷ್ಟು ವ್ಯತ್ಯಾಸ ಎಂದು ಒಂದು ಹದಿನೈದು ದಿನ ಬರೆದಿಟ್ಟರೆ, ಮುಂದೆ ಹೋಬಳಿ ಅಂಕಿ ನೋಡಿಯೇ ತೋಟದ್ದನ್ನು ಅಂದಾಜು ಮಾಡಬಹುದು.

ಸಂಜೆ ಆರಕ್ಕೆ ಆಕಾಶ ನಿಚ್ಚಳ, ಗಾಳಿ ಬಿದ್ದಿದೆ, ಹವೆ ಒಣಗಿದೆ ಎಂದರೆ ಆ ರಾತ್ರಿ ಎಚ್ಚರ. ಮೋಡವಿದ್ದರೆ, ಮಂಜು ಮುಸುಕಿದರೆ ಅಪಾಯ ಕಡಿಮೆ. ಇಬ್ಬನಿಯೂ ಒಂದು ಬಗೆಯಲ್ಲಿ ಉಪಕಾರಿಯೇ. ಆವಿ ನೀರಾಗುವಾಗ ಶಾಖ ಬಿಡುವುದರಿಂದ ಉಷ್ಣಾಂಶ ಇಳಿಯುವ ವೇಗ ತಗ್ಗುತ್ತದೆ. ಬೀದರ್, ಕಲಬುರಗಿಯ ಒಣ ಹವೆಗೆ ಈ ಉಪಕಾರ ಸಿಗುವುದಿಲ್ಲ.

ಬೆಂಕಿ ಹಾಕುವ ಪದ್ಧತಿಯ ಬಗ್ಗೆ ಒಂದು ತಿದ್ದುಪಡಿ ಅಗತ್ಯ. ಬದುವಿನಲ್ಲಿ ಹಸಿ ಕಸ, ರವದಿ (ಕಬ್ಬಿನ ಒಣಗರಿ), ಹಳೆ ಟಯರು ಸುಟ್ಟು ದಟ್ಟ ಹೊಗೆ ಎಬ್ಬಿಸಿದರೆ ಅದು ಕಂಬಳಿಯಂತೆ ತೋಟವನ್ನು ಕಾಯುತ್ತದೆಂಬ ನಂಬಿಕೆ ಬಲವಾಗಿದೆ. ಹೊಗೆಯ ಕಣಗಳು ತೀರಾ ಸಣ್ಣವು. ನೆಲದಿಂದ ಆಕಾಶಕ್ಕೆ ಹೋಗುವ ಶಾಖದ ಅಲೆಗಳನ್ನು ಅವು ತಡೆಯುವುದಿಲ್ಲ. ಮೇಲಾಗಿ ಬೆಳಿಗ್ಗೆ ಬಿಸಿಲು ಬೀಳುವುದನ್ನು ತಡಮಾಡುತ್ತವೆ. ಟಯರು ಸುಡುವುದಂತೂ ಊರಿಗೆಲ್ಲ ಕೇಡು. ಕೆಲಸ ಮಾಡುವುದು ಹೊಗೆಯಲ್ಲ, ಶಾಖ. ಅದರಲ್ಲೂ ಒಂದು ದೊಡ್ಡ ಬೆಂಕಿ ಹಾಕಿದರೆ ಬಿಸಿಗಾಳಿ ನೇರ ಮೇಲಕ್ಕೆ ಏರಿ ಹೋಗಿ, ಆ ಜಾಗಕ್ಕೆ ಸುತ್ತಲಿನ ತಣ್ಣನೆ ಗಾಳಿ ನುಗ್ಗುತ್ತದೆ. ಒಣ ಕಟ್ಟಿಗೆಯ ಸಣ್ಣ ಸಣ್ಣ ಬೆಂಕಿಗಳನ್ನು ತೋಟದ ಒಳಗೆ, ಸಾಲುಗಳ ನಡುವೆ, ಗಿಡಕ್ಕೆ ತಾಗದಷ್ಟು ದೂರದಲ್ಲಿ ಹಲವು ಕಡೆ ಇಡಬೇಕು. ಸಂಜೆ ಹಚ್ಚಿ ಮಲಗಿದರೆ ಪ್ರಯೋಜನವಿಲ್ಲ. ಅತಿ ಚಳಿ ಇರುವುದು ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ. ನಸುಕಿನ ಮೂರಕ್ಕೆ ಎದ್ದು ಹಚ್ಚಿ, ಬಿಸಿಲು ಬರುವವರೆಗೆ ಕಾಯಬೇಕು. ನಾಲ್ಕೆಕರೆಗೆ ಇದನ್ನು ಮಾಡುವುದು ಯಾರಿಂದ ಸಾಧ್ಯ ಎಂದು ಕೇಳಿದರೆ, ಆಗದು ಎಂಬುದೇ ಉತ್ತರ. ಇದು ಸಸಿಮಡಿಗೆ, ನರ್ಸರಿಗೆ, ಗೊನೆ ಬಿಡುತ್ತಿರುವ ಒಂದು ತುಂಡು ತೋಟಕ್ಕೆ ಮಾತ್ರ.

ನೀರು ಇದಕ್ಕಿಂತ ಸುಲಭ. ಕೊಳವೆಬಾವಿಯ ನೀರು ಮಾಗಿಯಲ್ಲೂ ಸುಮಾರು 25 ಡಿಗ್ರಿ ಇರುತ್ತದೆ. ಗಿಡಕ್ಕೆ ಗಂಟೆಗೆ 4 ಲೀಟರಿನ ಎರಡು ಡ್ರಿಪ್ಪರ್‌ಗಳಿದ್ದು, ಸಂಜೆ ಮೂರು ತಾಸು ಬಿಟ್ಟರೆ 24 ಲೀಟರ್ ಬೀಳುತ್ತದೆ. ಆ ನೀರು 25ರಿಂದ 15ಕ್ಕೆ ತಣಿಯುವಾಗ 240 ಕಿಲೋಕ್ಯಾಲರಿ ಶಾಖವನ್ನು ಬೇರಿನ ಸುತ್ತ ಬಿಡುತ್ತದೆ. ಬಯಲು ನೆಲ ಆ ರಾತ್ರಿ ಆಕಾಶಕ್ಕೆ ಕಳೆದುಕೊಳ್ಳುವ ಶಾಖದ ಮುಂದೆ ಇದು ಸಣ್ಣ ಪಾಲೇ, ಆದರೂ ಸರಿಯಾದ ಜಾಗಕ್ಕೆ ಬೀಳುವ ಪಾಲು. ಒದ್ದೆ ಮಣ್ಣು ಒಣ ಮಣ್ಣಿಗಿಂತ ಹಗಲಿನ ಬಿಸಿಯನ್ನು ಹೆಚ್ಚು ಹಿಡಿದಿಡುತ್ತದೆ ಎಂಬುದು ಮತ್ತೊಂದು ಲಾಭ. ರಾತ್ರಿಯಿಡೀ ಸಿಂಟೆಕ್ಸ್ ಟ್ಯಾಂಕಿನಲ್ಲಿ ತಣ್ಣಗಾದ ನೀರನ್ನು ಬೆಳಿಗ್ಗೆ ಬಿಡುವುದು ಇದಕ್ಕೆ ತದ್ವಿರುದ್ಧ. ಎಲೆಯ ಮೇಲೆ ತುಂತುರು ಹಾಯಿಸುವುದೂ ಬೇಡ. ತಂಪು ದೇಶಗಳಲ್ಲಿ ಹಿಮದ ರಾತ್ರಿ ತುಂತುರು ಹಾಯಿಸುವುದು ನೀರು ಗಡ್ಡೆಯಾಗುವಾಗ ಬಿಡುವ ಶಾಖಕ್ಕಾಗಿ. ನಮ್ಮಲ್ಲಿ ನೀರು ಗಡ್ಡೆಯಾಗುವುದಿಲ್ಲ, ಆರಿಹೋಗುತ್ತದೆ. ಆರುವಾಗ ಎಲೆಯ ಶಾಖವನ್ನೇ ಕದಿಯುತ್ತದೆ. ಅಂತರ್ಜಾಲದಲ್ಲಿ ನೋಡಿ ಸ್ಪ್ರಿಂಕ್ಲರ್ ಹಾಕುವವರು ಇದನ್ನು ಗಮನಿಸಬೇಕು.

ಹೊದಿಕೆಯಲ್ಲೂ ಸೂಕ್ಷ್ಮವಿದೆ. ಬೇರಿನ ಮೇಲೆ ಹಾಸಿದ ಒಣ ಹುಲ್ಲು, ರವದಿ ಮಣ್ಣನ್ನು ಬೆಚ್ಚಗಿಡುತ್ತದೆ. ಆದರೆ ನೆಲದ ಶಾಖ ಮೇಲೆ ಬರದಂತೆ ತಡೆಯುವುದರಿಂದ ಹೊದಿಕೆಯ ಮೇಲಿನ ಗಾಳಿ ಬಯಲು ನೆಲದ ಮೇಲಿನದಕ್ಕಿಂತ ತಣ್ಣಗಾಗುತ್ತದೆ. ಆಳೆತ್ತರದ ಬಾಳೆಗೆ ಇದರಿಂದ ಲಾಭವೇ. ಅರ್ಧ ಅಡಿಯ ಟೊಮೆಟೊ, ಕಲ್ಲಂಗಡಿ ಸಸಿಗೆ ನಷ್ಟ. ಅದಕ್ಕೆ ಕಡ್ಡಿ ಬಾಗಿಸಿ ಮೇಲೆ ನೇಯ್ಗೆಯಿಲ್ಲದ ಬಿಳಿ ಕ್ರಾಪ್ ಕವರ್ ಹೊದಿಸುವುದು ಸರಿ. ತೆಳು ಪಾಲಿಥೀನ್ ಹಾಳೆ ಶಾಖದ ಅಲೆಗಳನ್ನು ಬಹುಮಟ್ಟಿಗೆ ಹೊರಗೆ ಬಿಟ್ಟುಕೊಡುತ್ತದೆ, ಎಲೆಗೆ ತಾಗಿದ ಕಡೆ ಎಲೆ ಸುಡುತ್ತದೆ. ಪಾಲಿಥೀನೇ ಗತಿ ಎಂದಾದರೆ ಎಲೆಗೆ ತಾಗದಂತೆ ಕಟ್ಟಿ, ಬೆಳಿಗ್ಗೆ ಬಿಸಿಲೇರುವ ಮುಂಚೆ ಒಂದು ಬದಿ ತೆರೆಯಿರಿ. ಗೊನೆಗೆ ಹಾಕುವ ಚೀಲದಲ್ಲಿ ಬೇಸಿಗೆಯಲ್ಲಿ ಶೇ 4ರಷ್ಟು ತೂತುಗಳಿರುವುದು ವಾಡಿಕೆ, ಚಳಿಗಾಲಕ್ಕೆ ಶೇ 2 ಸಾಕು. ಕೊನೆಯ ಚಿಪ್ಪು ಬಿಚ್ಚಿದ ಮೇಲೆ ಹಾಕಬೇಕು, ಮೊದಲೇ ಅಲ್ಲ.

ಉತ್ತರ ಮತ್ತು ಮೂಡಣ ಬದಿಗೆ ಚೊಗಚೆ ಮರದ ಎರಡು ಸಾಲು ಗಾಳಿತಡೆಗೆ ಚೆನ್ನ. ಆದರೆ ಇಳಿಜಾರಿನ ಕೆಳಬದಿಯಲ್ಲಿ ಅದನ್ನು ಗೋಡೆಯಂತೆ ದಟ್ಟವಾಗಿ ಬೆಳೆಸಬೇಡಿ. ತಣ್ಣನೆ ಗಾಳಿ ಭಾರ, ನೀರಿನಂತೆ ತಗ್ಗಿಗೆ ಹರಿಯುತ್ತದೆ. ಹರಿದು ಹೋಗಲು ಬುಡದಲ್ಲಿ ಸಂದು ಬೇಕು. ನವೆಂಬರ್ ಆರಂಭದಿಂದ ಯೂರಿಯಾ ನಿಲ್ಲಿಸಿ, ಅದಕ್ಕೆ ಮೊದಲೇ ಪೊಟ್ಯಾಷ್ ಕೊಟ್ಟು ಮುಗಿಸಿ. ಸಾರಜನಕದಿಂದ ಉಬ್ಬಿದ ಎಳೆ ಎಲೆ ಚಳಿಗೆ ಮೊದಲ ತುತ್ತು. ದಿಂಡಿಗೆ ಅಂಟಿಕೊಂಡಿರುವ ಒಣ ಎಲೆಗಳನ್ನು, ಸಿಗಟೋಕ ಇಲ್ಲದಿದ್ದರೆ, ಜನವರಿ ಮುಗಿಯುವವರೆಗೆ ಬಿಡಬಹುದು.

ಇಷ್ಟೆಲ್ಲಕ್ಕಿಂತ ಹೆಚ್ಚು ಉಳಿಸುವುದು ನಾಟಿಯ ತಿಂಗಳು. ಅಂಗಾಂಶ ಕೃಷಿಯ ಜಿ-9 (ಗ್ರ್ಯಾಂಡ್ ನೈನ್ ತಳಿಯ) ಬಾಳೆ ಗಿಡ ಏಳೆಂಟು ತಿಂಗಳಿಗೆ ಗೊನೆ ಹಾಕುತ್ತದೆ. ಮೇ ಕೊನೆ, ಜೂನ್‌ನಲ್ಲಿ ಮಳೆ ನೋಡಿ ನೆಟ್ಟರೆ ಗೊನೆ ಹೊರಡುವುದು ಸರಿಯಾಗಿ ಡಿಸೆಂಬರ್ ಅಂತ್ಯದಿಂದ ಫೆಬ್ರುವರಿಯೊಳಗೆ. ಚಳಿ ತಾಕುವ ಜಿಲ್ಲೆಗಳಲ್ಲಿ ಇದಕ್ಕಿಂತ ಕೆಟ್ಟ ಲೆಕ್ಕಾಚಾರ ಇನ್ನೊಂದಿಲ್ಲ. ಎಲೆ ಬಿಡುವ ಹಂತದಲ್ಲಿ ಚಳಿ ಬಂದರೆ ಬಾಳೆ ಹೇಗೋ ತಡೆದುಕೊಳ್ಳುತ್ತದೆ, ಗಡ್ಡೆ ಜೀವಂತ ಇದ್ದರೆ ಮತ್ತೆ ಚಿಗುರುತ್ತದೆ. ದಿಂಡಿನೊಳಗೆ ಗೊನೆ ಮೂಡುವಾಗ ಬಂದರೆ ಚಿಪ್ಪಿನ ಸಂಖ್ಯೆಯೇ ಕಡಿಮೆಯಾಗುತ್ತದೆ, ಆಮೇಲೆ ಯಾವ ಗೊಬ್ಬರವೂ ಅದನ್ನು ತುಂಬಿಕೊಡಲಾರದು. ಆಗಸ್ಟ್–ಸೆಪ್ಟೆಂಬರ್ ನಾಟಿಯಲ್ಲಿ ಗಿಡ ಇನ್ನೂ ಎಳೆಯದಾಗಿರುವಾಗ ಚಳಿ ತಿಂದು ತಿಂಗಳೊಪ್ಪತ್ತು ತಡವಾಗುತ್ತದೆ, ಗೊನೆಗೆ ಬೇಸಿಗೆಯ ನೀರು ಬೇಕಾಗುತ್ತದೆ. ನೀರಿನ ಭರವಸೆ ಇದ್ದವರಿಗೆ ಅದೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಪೆಟ್ಟು ಬಿದ್ದ ಮೇಲೆ ಮಾಡಬೇಕಾದ್ದಕ್ಕಿಂತ ಮಾಡಬಾರದ್ದೇ ಹೆಚ್ಚು. ಸುಟ್ಟ ಎಲೆ ಕೂಡಲೇ ಕತ್ತರಿಸಬೇಡಿ. ಅದರ ಕೆಳಗಿನ ಎಲೆಗೆ, ದಿಂಡಿಗೆ ಮುಂದಿನ ಚಳಿ ರಾತ್ರಿಗೆ ಅದೇ ಮರೆ. ಯೂರಿಯಾ ಕೊಟ್ಟು ಚಿಗುರಿಸುವ ಆತುರ ಬೇಡ. ನಡುಹಗಲಿನಲ್ಲಿ ಹಗುರವಾಗಿ ನೀರು ಕೊಡಿ. ಎಲೆ ಮೂಲಕ ಪೋಷಕಾಂಶ ಸಿಂಪಡಿಸುವುದಿದ್ದರೆ ಹೊಸ ಸುಳಿ ಬಿಚ್ಚಿದ ಮೇಲೆ. ಪಪ್ಪಾಯಿ ಅಥವಾ ಯಾವುದೇ ಗಿಡದ ಕಾಂಡ ಸತ್ತಿದೆಯೋ ಇಲ್ಲವೋ ತಿಳಿಯಲು ಉಗುರಿನಿಂದ ತೊಗಟೆ ಕೆರೆಯಿರಿ: ಒಳಗೆ ಹಸಿರಿದ್ದರೆ ಕಾಯಿರಿ, ಕಂದಾಗಿದ್ದರೆ ಹಸಿರು ಸಿಗುವವರೆಗೆ ಕೆಳಗೆ ಕೆರೆಯುತ್ತಾ ಬಂದು ಗುರುತು ಹಾಕಿ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆಂಬ ಮಾತಿದೆಯಲ್ಲ, ಸತ್ತ ಭಾಗ ಸವರುವ ಕೆಲಸಕ್ಕೆ ಆ ದಿನದವರೆಗೆ ಕಾಯಬಹುದು.

ಉಳಿದ ಬೆಳೆಗಳ ಬಗ್ಗೆ ಚುಟುಕಾಗಿ. ಪಪ್ಪಾಯಿಯಲ್ಲಿ ಹೂ ಮೊಗ್ಗಾಗುವಾಗ ಚಳಿ ಬಿದ್ದರೆ ಕೇಸರಗಳು ಅಂಡಾಶಯದ ಜೊತೆ ಬೆಸೆದು, ಕಾಯಿ ಬೆಕ್ಕಿನ ಮುಖದಂತೆ ಸುಕ್ಕುಗಟ್ಟಿ ವಿಕಾರವಾಗುತ್ತದೆ. ಅದನ್ನು ನಂಜುರೋಗವೆಂದು ತಿಳಿದು ಗಿಡ ಕಿತ್ತವರಿದ್ದಾರೆ. ಮಲ್ಲಿಗೆಯ ಮೊಗ್ಗು ಡಿಸೆಂಬರ್–ಜನವರಿಯಲ್ಲಿ ಇಳಿದು ದರ ಏರುವುದು ಎಲ್ಲರಿಗೂ ಗೊತ್ತಿರುವುದೇ. ಎಲೆಬಳ್ಳಿಯವರು ಮುನ್ಸೂಚನೆ ಕಂಡ ಕೂಡಲೇ ಬಲಿತ ಎಲೆ ಕೊಯ್ದುಬಿಡುವುದು ಲೇಸು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಬೇಸಿಗೆ ಬತ್ತಕ್ಕೆ ಡಿಸೆಂಬರ್‌ನಲ್ಲಿ ಹಾಕುವ ಸಸಿಮಡಿ ಹಳದಿಯಾಗಿ ಮೇಲೇಳದೆ ಕೂರುತ್ತದೆ. ಸಂಜೆ ಮಡಿಯಲ್ಲಿ ನೀರು ತುಂಬಿ ನಿಲ್ಲಿಸಿ, ಬೆಳಿಗ್ಗೆ ಆ ತಣ್ಣನೆ ನೀರನ್ನು ಬಸಿದು, ಹಗಲು ಮಡಿ ಬಿಸಿಯಾಗಲು ಬಿಡಬೇಕು. ಮಾವಿನದು ಬೇರೆಯೇ ದಾರಿ. ಅದಕ್ಕೆ ಹೂ ಬಿಡಲು 10–15 ಡಿಗ್ರಿಯ ರಾತ್ರಿಗಳು ಬೇಕೇ ಬೇಕು, ಬೆಳೆಗಾರರು ಚಳಿಗೆ ಕಾಯುತ್ತಾರೆ. ಹತ್ತಕ್ಕಿಂತ ಕೆಳಗೆ ಹೋಗಿ ಹಾಗೇ ನಿಂತರೆ ಮಾತ್ರ ಗಂಡು ಹೂ ಹೆಚ್ಚಿ, ಪರಾಗ ಬಲಹೀನವಾಗಿ, ಮರದ ತುಂಬ ಹೂವಿದ್ದೂ ಕಾಯಿ ಕಟ್ಟುವುದಿಲ್ಲ.

ಕೊಯ್ದ ಮೇಲೂ ಹಣ್ಣಿಗೆ ಜೀವವಿದೆ, ಹಾಗಾಗಿ ಪೆಟ್ಟೂ ಇದೆ. ಮನೆಯ ಫ್ರಿಜ್ಜಿನ ಒಳಗೆ ಸುಮಾರು 4 ಡಿಗ್ರಿ. ಬಾಳೆಗೆ 13–14, ಮಾವಿಗೆ 12–13, ಗೆಣಸಿಗೆ 13–15, ಬದನೆ, ಸೌತೆಗೆ 10–12 ಡಿಗ್ರಿಗಿಂತ ಕೆಳಗೆ ಇಡಬಾರದು. ಹಸಿರು ಟೊಮೆಟೊ ಫ್ರಿಜ್ಜಿನಲ್ಲಿ ವಾರವಿದ್ದರೆ ಆಮೇಲೆ ಹೊರಗಿಟ್ಟರೂ ಸರಿಯಾಗಿ ಕೆಂಪಾಗದು, ಕಲೆಬಿದ್ದು ಕೊಳೆಯುತ್ತದೆ. ಶೀತಲಗೃಹದವರಿಗೂ ಇದು ಅನ್ವಯ: ಆಲೂಗಡ್ಡೆಗೆಂದು ಕಟ್ಟಿದ ಕೋಣೆಯಲ್ಲಿ ಬಾಳೆಗೊನೆ ಇಟ್ಟು, ಕಪ್ಪಾದ ಮೇಲೆ ರೈತನ ಮಾಲು ಸರಿಯಿಲ್ಲವೆನ್ನುವುದು ನ್ಯಾಯವಲ್ಲ.

ಕುಂಡದ ಗಿಡಗಳಲ್ಲಿ ಅಗ್ಲೊನಿಮಾ, ಆಂಥೂರಿಯಂ, ಡೈಫೆನ್‌ಬಾಕಿಯಾಗಳಿಗೆ 13–15 ಡಿಗ್ರಿಗೇ ಎಲೆಯ ಮೇಲೆ ಎಣ್ಣೆ ಬಿದ್ದಂಥ ಬೂದು ಕಲೆ ಬರುತ್ತದೆ. ಪೂರ್ವದ ಬಾಲ್ಕನಿಯಿಂದ ಒಳಗೆ ಸರಿಸಿ, ನಲ್ಲಿ ನೀರನ್ನು ಕೋಣೆಯ ಉಷ್ಣಾಂಶಕ್ಕೆ ಬಂದ ಮೇಲೆ ಹಾಕಿ. ತಮ್ಮ ಪತ್ರಿಕೆಯನ್ನು ಅಂತರ್ಜಾಲದಲ್ಲಿ ಓದುವ ಹೊರನಾಡ ಕನ್ನಡಿಗರು ಕುಂಡದಲ್ಲಿ ಕರಿಬೇವು, ತುಳಸಿ, ವೀಳ್ಯದೆಲೆ ಬೆಳೆಸುವುದುಂಟು. ರಾತ್ರಿ 12 ಡಿಗ್ರಿಗೆ, ಅವರ ಲೆಕ್ಕದಲ್ಲಿ 54 ಫ್ಯಾರನ್‌ಹೀಟ್‌ಗೆ ಇಳಿಯುವ ಮುಂಚೆ ಒಳಗೆ ತನ್ನಿ. ಹಿಮದ ಮುನ್ಸೂಚನೆಗೆ ಕಾಯಬೇಡಿ. ಒಳಗೆ ಬಂದ ಕರಿಬೇವು ಎಲೆ ಉದುರಿಸಿದರೆ ಸತ್ತಿತೆಂದು ಎಸೆಯಬೇಡಿ. ಕಾಂಡ ಹಸಿರಿದ್ದರೆ ನೀರು ಕಡಿಮೆ ಮಾಡಿ, ಮಣ್ಣು ಬೆರಳಿನ ಒಂದು ಗೆಣ್ಣಿನಷ್ಟು ಒಣಗಿದ ಮೇಲಷ್ಟೇ ಹಾಕಿ.

ಕೊನೆಯದಾಗಿ, ಪತ್ರಿಕೆಯಿಂದ ಆಗಬಹುದಾದ ಕೆಲಸ. ನವೆಂಬರ್ ಮಧ್ಯದಿಂದ ಫೆಬ್ರುವರಿ ಮಧ್ಯದವರೆಗೆ ಹವಾಮಾನ ಅಂಕಣದಲ್ಲಿ ಕನಿಷ್ಠ ಉಷ್ಣಾಂಶದ ಪಕ್ಕ ಇನ್ನೆರಡು ಅಂಕಣ ಸೇರಿಸಿ: ಆ ರಾತ್ರಿ 13 ಡಿಗ್ರಿಗಿಂತ ಕೆಳಗೆ ಎಷ್ಟು ತಾಸು ಇತ್ತು, ಮುಂದಿನ ರಾತ್ರಿ ಆಕಾಶ ನಿಚ್ಚಳವೋ ಮೋಡವೋ. ಸ್ವಯಂಚಾಲಿತ ಘಟಕಗಳು ದಿನವಿಡೀ ಅಳೆಯುವುದರಿಂದ ತಾಸಿನ ಲೆಕ್ಕ ತೆಗೆಯುವುದು ಕಷ್ಟವಲ್ಲ. ತೋಟಗಾರಿಕೆ ಇಲಾಖೆಗೂ ಒಂದು ಕೋರಿಕೆ. ಮಹಾರಾಷ್ಟ್ರದಲ್ಲಿ ಬಾಳೆಯ ಹವಾಮಾನ ಆಧಾರಿತ ವಿಮೆಯಲ್ಲಿ ಕಡಿಮೆ ಉಷ್ಣಾಂಶವೂ ಪರಿಹಾರ ಕೊಡುವ ಕಾರಣಗಳಲ್ಲೊಂದು. ನಮ್ಮ ಗಡಿ ಜಿಲ್ಲೆಗಳಲ್ಲಿ ಯಾವ ಬೆಳೆಗೆ, ಎಷ್ಟು ಡಿಗ್ರಿಗೆ, ಸತತ ಎಷ್ಟು ದಿನಕ್ಕೆ ಅಂಥ ಪರಿಹಾರ ಇದೆ ಅಥವಾ ಇಲ್ಲ ಎಂಬುದನ್ನು ಕಂತು ಕಟ್ಟುವ ಕೊನೆಯ ದಿನಕ್ಕೆ ಮೊದಲೇ ರೈತ ಸಂಪರ್ಕ ಕೇಂದ್ರದ ಫಲಕದಲ್ಲಿ ಬರೆಯಿಸಲಿ.

ಇಂತಿ,
ತೋಟಗಾರಿಕೆ ಬಳಗದ ಓದುಗರು,
ವಿಜಯಪುರ